ಕ್ಯಾರಕ್ ಟಂಗ್‌ಸ್ಟನ್ ಗಣಿ : ಒಂದು ಅಧ್ಯಯನ

ಪೀಠಿಕೆ

ಒಂದು ಗಣಿ ಮುಚ್ಚಿತೆಂದರೆ ಅದರ ಒಡಲಿನ ಅದಿರು ಬರಿದಾಯಿತೆಂದೇ ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ನಾನೂ ಹಾಗೆಯೇ ಭಾವಿಸಿದ್ದೆ. ಈ ಭಾವನೆ ಎಷ್ಟರ ಮಟ್ಟಿಗೆ ನಿಜವೆಂಬುದನ್ನು ದೂರದೇಶದ ಒಂದು ಚಿಕ್ಕ ಗಣಿಯ ಉದಾಹರಣೆಯಿಂದ ಪರಿಶೀಲಿಸುವುದೇ ಈ ಲೇಖನದ ಉದ್ದೇಶ. ಆ ಗಣಿಯನ್ನು ನಾನು ಕಣ್ಣಾರೆ ಕಂಡವನಲ್ಲ. ನಮ್ಮ ಭೂಗೋಳ ವಿಭಾಗದ ಸೆಮಿನಾರಿಗಾಗಿ ಅದರ ವಿಷಯವನ್ನು ಓದಿ, ನಕ್ಷೆ ಬರೆದು, ಅರ್ಥವಾಗದ ಕಡೆ ಅಧ್ಯಾಪಕರನ್ನು ಕೇಳಿ ತಿಳಿದುಕೊಂಡೆ. ಅವರಿಗೂ ಅರ್ಥವಾಗದ ಕೆಲವು ಕಡೆ ನನ್ನ ತಂದೆಯನ್ನು ಕೇಳಿದೆ. ಏಕೆಂದರೆ ಅವರು ಇಪ್ಪತ್ತೆರಡು ವರ್ಷ ಕಲ್ಲಿಗೆ ರಂಧ್ರ ಕೊರೆದವರು.

ವಿಷಯದ ಆಯ್ಕೆಗೂ ಅವರೇ ಕಾರಣರೆನ್ನಬೇಕು. ನಮ್ಮೂರ ಹತ್ತಿರದ ಕಲ್ಲುಗಣಿಯೊಂದರಲ್ಲಿ ಅವರು ಜಾಕ್‌ಹ್ಯಾಮರ್ ಹಿಡಿಯುತ್ತಿದ್ದರು. ನಾನು ಎರಡನೆಯ ಬಿ.ಎ.ಯಲ್ಲಿದ್ದಾಗ ಒಂದು ಸೋಮವಾರ ಆ ಗಣಿ ಬಾಗಿಲು ಹಾಕಿತು. ಮುಂಚಿತವಾಗಿ ಯಾರೂ ಹೇಳಿರಲಿಲ್ಲ. ಆ ತಿಂಗಳು ನಾನು ಕಾಲೇಜು ಬಿಡುವ ಮಾತೂ ಮನೆಯಲ್ಲಿ ನಡೆಯಿತು, ತಂದೆಯವರು ಒಪ್ಪಲಿಲ್ಲ. ಆ ದಿನ ಅವರು ಮನೆಗೆ ಬಂದಾಗ ಕೈಯಲ್ಲಿ ಮುರಿದುಹೋದ ಕೊರೆಗೋಲಿನ ತುಂಡೊಂದಿತ್ತು. ಅದರ ತುದಿಯಲ್ಲಿ ಉಗುರಿನಷ್ಟು ದೊಡ್ಡ ಬೂದು ಬಣ್ಣದ ಲೋಹದ ಚೂರು. "ಈ ಚೂರು ಇಲ್ದಿದ್ರೆ ಕಬ್ಬಿಣ ಕಲ್ಲಿನ ಮ್ಯಾಲೆ ಒಂದು ಗಳಿಗೆ ನಿಲ್ಲಾಕಿಲ್ಲ" ಎಂದು ಅವರು ಹೇಳಿದರು. ಆ ಚೂರೇ ಟಂಗ್‌ಸ್ಟನ್ ಕಾರ್ಬೈಡ್. ಅದನ್ನು ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿಸಿ, ನಮ್ಮ ಕಾಲೇಜಿನ ಅಳತೆಗಾಜಿನ ನೀರಿನಲ್ಲಿ ಮುಳುಗಿಸಿ ನೋಡಿದೆನು. ಸಮಗಾತ್ರದ ನೀರಿಗಿಂತ ಹದಿನಾಲ್ಕು ಪಟ್ಟಿಗೂ ಮಿಕ್ಕಿದ ಭಾರ ಬಂದಿತು. ಉಕ್ಕಿನ ಭಾರ ಎಂಟು ಪಟ್ಟನ್ನೂ ಮುಟ್ಟುವುದಿಲ್ಲ. ಇಷ್ಟು ಭಾರದ, ಇಷ್ಟು ಗಡುಸಾದ ಈ ವಸ್ತು ಎಲ್ಲಿಂದ ಬರುತ್ತದೆ ಎಂಬ ಕುತೂಹಲದಿಂದ ನನ್ನ ಓದು ಆರಂಭವಾಯಿತು.

ಲೋಹದ ಪರಿಚಯ

ಟಂಗ್‌ಸ್ಟನ್ ಎಂಬುದು ಸ್ವೀಡಿಷ್ ಮಾತು. 'ಭಾರವಾದ ಕಲ್ಲು' ಎಂದು ಅದರ ಅರ್ಥ. 1781ರಲ್ಲಿ ಸ್ವೀಡನ್ನಿನ ರಸಾಯನಜ್ಞ ಶೇಲೆ ಆ ಹೆಸರಿನ ಖನಿಜದಿಂದ ಒಂದು ಹೊಸ ಆಮ್ಲವನ್ನು ಬೇರ್ಪಡಿಸಿದನು. ಆ ಖನಿಜಕ್ಕೆ ಈಗ ಅವನ ನೆನಪಿನಲ್ಲಿ ಶೀಲೈಟ್ ಎಂದು ಹೆಸರು. 1783ರಲ್ಲಿ ಸ್ಪೇನಿನ ಎಲುಯಾರ್ ಸಹೋದರರು ವುಲ್ಫ್ರಮೈಟ್ ಎಂಬ ಮತ್ತೊಂದು ಖನಿಜದಿಂದ ಶುದ್ಧ ಲೋಹವನ್ನು ಪಡೆದರು. ಆದುದರಿಂದಲೇ ಇದರ ಹೆಸರು ಟಂಗ್‌ಸ್ಟನ್ ಆದರೂ ಸಂಕೇತಾಕ್ಷರ ಮಾತ್ರ 'ಡಬ್ಲ್ಯು'. ವುಲ್ಫ್ರಮ್ ಎಂಬ ಜರ್ಮನ್ ಹೆಸರಿನಲ್ಲಿ ತೋಳದ ಪ್ರಸ್ತಾಪವಿದೆ. ತವರದ ಅದಿರನ್ನು ಕರಗಿಸುವಾಗ ಈ ಖನಿಜ ಬೆರೆತಿದ್ದರೆ ತವರ ಕಡಿಮೆ ಇಳಿಯುತ್ತಿತ್ತು. ತೋಳ ಕುರಿಯನ್ನು ತಿಂದಂತೆ ಇದು ತವರವನ್ನು ತಿನ್ನುತ್ತದೆಂದು ಹಿಂದಿನವರು ಬೈಯುತ್ತಿದ್ದರು.

ಇದರ ಪರಮಾಣು ಸಂಖ್ಯೆ 74. ಸಾಂದ್ರತೆ 19.25, ಎಂದರೆ ಹೆಚ್ಚುಕಡಿಮೆ ಬಂಗಾರದಷ್ಟೇ. ಕರಗಬೇಕಾದರೆ 3422 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಲೋಹಗಳಲ್ಲೆಲ್ಲ ಇದೇ ಅತ್ಯಧಿಕ. 1910ರ ಹೊತ್ತಿಗೆ ಅಮೆರಿಕದ ಕೂಲಿಜ್ ಇದನ್ನು ತಂತಿಯಾಗಿ ಎಳೆಯುವ ವಿಧಾನವನ್ನು ಕಂಡುಹಿಡಿದ ಮೇಲೆ ವಿದ್ಯುದ್ದೀಪದೊಳಗಿನ ತಂತಿ ಇದರದೇ ಆಯಿತು. ಉಕ್ಕಿಗೆ ಇದನ್ನು ಬೆರೆಸಿದರೆ ಆ ಉಕ್ಕಿನ ಹತಾರ ಕೆಂಪಗೆ ಕಾದರೂ ಮೊನೆ ಕಳೆದುಕೊಳ್ಳುವುದಿಲ್ಲ. 1923ರಲ್ಲಿ ಜರ್ಮನಿಯ ಶ್ರೋಟರ್ ಟಂಗ್‌ಸ್ಟನ್ ಕಾರ್ಬೈಡಿನ ಪುಡಿಯನ್ನು ಕೋಬಾಲ್ಟಿನೊಡನೆ ಒತ್ತಿ ಬೇಯಿಸಿ ಗಟ್ಟಿ ಮಾಡುವ ವಿಧಾನಕ್ಕೆ ಪೇಟೆಂಟು ಪಡೆದನು. ನನ್ನ ತಂದೆಯ ಕೊರೆಗೋಲಿನ ತುದಿಯೂ ನಮ್ಮ ಕೊಳವೆಬಾವಿ ಯಂತ್ರಗಳ ಹಲ್ಲುಗಳೂ ಆ ವಿಧಾನದ ಸಂತತಿಯೇ.

ಇಲ್ಲಿ ಒಂದು ಮಾತನ್ನು ನೆನಪಿನಲ್ಲಿಡಬೇಕು. ಹತಾರ ಮಾಡುವ ಲೋಹ ಶಾಂತಿಕಾಲದಲ್ಲಿಯೂ ಬೇಕು. ಆದರೆ ತೋಪು, ಗುಂಡುಗಳನ್ನು ಹಗಲಿರುಳು ಕಡೆಯುವ ಯುದ್ಧಕಾಲದಲ್ಲಿ ಅದರ ಅಗತ್ಯ ಹಲವು ಪಟ್ಟು ಹೆಚ್ಚುತ್ತದೆ. ಕ್ಯಾರಕ್ ಗಣಿಯ ಚರಿತ್ರೆಯೆಲ್ಲ ಈ ಒಂದು ಮಾತಿನ ಸುತ್ತಲೇ ತಿರುಗುತ್ತದೆ.

ಸ್ಥಳ

ಇಂಗ್ಲೆಂಡಿನ ವಾಯವ್ಯ ಮೂಲೆಯಲ್ಲಿ ಕಂಬ್ರಿಯಾ ಎಂಬ ಪ್ರಾಂತವಿದೆ. ಅಲ್ಲಿನ ಸರೋವರ ಸೀಮೆ ಕವಿಗಳಿಂದಾಗಿ ಪ್ರಸಿದ್ಧವಾದುದು; ವರ್ಡ್ಸ್‌ವರ್ತನ ಹೆಸರನ್ನು ಕೇಳದ ಬಿ.ಎ. ವಿದ್ಯಾರ್ಥಿ ಇರಲಾರನು. ಆ ಸೀಮೆಯ ಉತ್ತರದ ಅಂಚಿನಲ್ಲಿ, ಕೆಸ್ವಿಕ್ ಪಟ್ಟಣದ ಈಶಾನ್ಯಕ್ಕೆ, ಕ್ಯಾರಕ್ ಫೆಲ್ ಎಂಬ ಬೋಳು ಬೆಟ್ಟವಿದೆ. ಫೆಲ್ ಎಂದರೆ ಆ ಕಡೆಯ ಮಾತಿನಲ್ಲಿ ಬೆಟ್ಟ. ಗಿಲ್ ಎಂದರೆ ತೊರೆ. ಕ್ಯಾರಕ್ ಫೆಲ್ಲಿನ ಪಶ್ಚಿಮಕ್ಕೆ ಮೋಸ್‌ಡೇಲ್ ಕಣಿವೆಯ ತುದಿಯಲ್ಲಿ ಬ್ರ್ಯಾಂಡಿ ಗಿಲ್ ಎಂಬ ತೊರೆ ಗ್ರೇನ್ಸ್‌ಗಿಲ್ ಎಂಬ ತೊರೆಯನ್ನು ಕೂಡುತ್ತದೆ. ಅದು ಸ್ವಲ್ಪ ಕೆಳಗೆ ಕಾಲ್ಡ್ಯೂ ನದಿಯನ್ನು ಸೇರುತ್ತದೆ. ಈ ಎರಡು ತೊರೆಗಳ ಸಂಗಮದಲ್ಲಿಯೇ ಗಣಿ. ಡೆವನ್ ಮತ್ತು ಕಾರ್ನ್‌ವಾಲ್ ಪ್ರಾಂತಗಳನ್ನು ಬಿಟ್ಟರೆ ಇಡೀ ಬ್ರಿಟನ್ನಿನಲ್ಲಿ ಟಂಗ್‌ಸ್ಟನ್ ತೆಗೆದ ಗಣಿ ಇದೊಂದೇ.

ಶಿಲೆಗಳ ರಚನೆ

ಚಿಕ್ಕ ಗಣಿಯಾದರೂ ಭೂಗರ್ಭಶಾಸ್ತ್ರದ ವಿದ್ಯಾರ್ಥಿಗೆ ಇದೊಂದು ತೆರೆದ ಪಾಠಪುಸ್ತಕ. ಬೇರೆ ಬೇರೆ ಕಾಲದ, ಬೇರೆ ಬೇರೆ ಗುಣದ ಮೂರು ಶಿಲೆಗಳು ಇಲ್ಲಿ ಕಾಲ್ನಡಿಗೆಯ ದೂರದಲ್ಲಿ ಒಂದನ್ನೊಂದು ಸಂಧಿಸುತ್ತವೆ.

ಮೊದಲನೆಯದು ಸ್ಕಿಡ್ಡಾ ಸಮೂಹದ ಜೇಡಿಶಿಲೆ. ಸುಮಾರು 48 ಕೋಟಿ ವರ್ಷಗಳ ಹಿಂದೆ ಆಳವಾದ ಸಮುದ್ರದ ತಳದಲ್ಲಿ ಕೆಸರು ಪದರ ಪದರವಾಗಿ ಕೂಡಿ ಗಟ್ಟಿಯಾದುದು. ಎರಡನೆಯದು ಗ್ಯಾಬ್ರೊ. ಸುಮಾರು 47 ಕೋಟಿ ವರ್ಷಗಳ ಹಿಂದೆ ಭೂಮಿಯೊಳಗಿನ ಶಿಲಾದ್ರವ ಆ ಜೇಡಿಶಿಲೆಯೊಳಕ್ಕೆ ನುಗ್ಗಿ ನಿಧಾನವಾಗಿ ಆರಿದ್ದರಿಂದ ಉಂಟಾದ ಕಪ್ಪು ಬಣ್ಣದ, ದಪ್ಪ ಹರಳುಗಳ ಅಗ್ನಿಶಿಲೆ. ಮೂರನೆಯದು ಸ್ಕಿಡ್ಡಾ ಗ್ರಾನೈಟು. ಇದು ಸುಮಾರು 40 ಕೋಟಿ ವರ್ಷಗಳಷ್ಟು ಹಳೆಯದು. ಇವೆಲ್ಲ ದೊಡ್ಡ ಸಂಖ್ಯೆಗಳಂತೆ ಕಾಣುತ್ತವೆ. ಆದರೆ ನಮ್ಮ ರಾಮನಗರದ ಬೆಟ್ಟಗಳಾದ ಕ್ಲೋಸ್‌ಪೇಟೆ ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷ ವಯಸ್ಸೆಂಬುದನ್ನು ನೆನೆದರೆ ಕ್ಯಾರಕ್ಕಿನ ಕಲ್ಲು ಅದರ ಮುಂದೆ ಮೊನ್ನೆ ಹುಟ್ಟಿದ ಕೂಸು.

ಸ್ಕಿಡ್ಡಾ ಗ್ರಾನೈಟಿನ ಬಹುಪಾಲು ಇನ್ನೂ ನೆಲದೊಳಗೇ ಅಡಗಿದೆ. ಮೂರು ಕಡೆ ಮಾತ್ರ ತೊರೆಗಳು ಮೇಲಿನ ಶಿಲೆಯನ್ನು ಸವೆಯಿಸಿದ್ದರಿಂದ ಅದರ ನೆತ್ತಿ ಹೊರಗೆ ಕಾಣುತ್ತದೆ. ಅವುಗಳಲ್ಲಿ ಉತ್ತರದ್ದು ಗ್ರೇನ್ಸ್‌ಗಿಲ್. ಬಿಸಿಯಾದ ಗ್ರಾನೈಟು ಮೇಲೇರಿ ಬಂದಾಗ ಸುತ್ತಲ ಜೇಡಿಶಿಲೆ ಕುಂಬಾರನ ಆವಿಗೆಯೊಳಗಿನ ಮಣ್ಣಿನಂತೆ ಬೆಂದು ಹಾರ್ನ್‌ಫೆಲ್ಸ್ ಎಂಬ ಗಡುಸಾದ ರೂಪಾಂತರ ಶಿಲೆಯಾಯಿತು. ಇದು ಮೊದಲನೆಯ ಪರಿಣಾಮ.

ಎರಡನೆಯ ಪರಿಣಾಮವೇ ನಮಗೆ ಮುಖ್ಯವಾದುದು. ಶಿಲಾದ್ರವ ಆರಿ ಹರಳುಗಟ್ಟುತ್ತ ಹೋದಂತೆ, ಆ ಹರಳುಗಳಲ್ಲಿ ಸೇರಲಾರದ ವಸ್ತುಗಳು ಉಳಿದ ದ್ರವದಲ್ಲಿ ಹೆಚ್ಚು ಹೆಚ್ಚಾಗಿ ಕೂಡುತ್ತವೆ. ನೀರು, ಗಂಧಕ, ಆರ್ಸೆನಿಕ್, ಟಂಗ್‌ಸ್ಟನ್ ಇವು ಅಂಥವು. ಕೊನೆಗೆ ಇವೆಲ್ಲವನ್ನೂ ಹೊತ್ತ ಅತಿ ಬಿಸಿಯಾದ ನೀರು ಗ್ರಾನೈಟಿನ ನೆತ್ತಿಯ ಕಡೆಗೆ ಒತ್ತರಿಸಿ ಬರುತ್ತದೆ. ಗ್ರೇನ್ಸ್‌ಗಿಲ್ಲಿನಲ್ಲಿ ಈ ನೀರು ಗ್ರಾನೈಟನ್ನೇ ಮಾರ್ಪಡಿಸಿತು; ಅದರ ಫೆಲ್ಡ್‌ಸ್ಪಾರ್ ಹರಳುಗಳು ನಾಶವಾಗಿ ಬೆಣಚು ಮತ್ತು ಬಿಳಿ ಅಭ್ರಕಗಳಷ್ಟೇ ಉಳಿದವು. ಹೀಗೆ ಮಾರ್ಪಟ್ಟ ಶಿಲೆಗೆ ಗ್ರೈಸೆನ್ ಎಂದು ಹೆಸರು. ಗ್ರೈಸೆನ್ ಕಂಡ ಕಡೆ ಟಂಗ್‌ಸ್ಟನ್ನನ್ನೋ ತವರವನ್ನೋ ಹುಡುಕು ಎಂಬುದು ಗಣಿಶೋಧಕರ ಅನುಭವದ ಮಾತು.

ಸಿರಗಳು ಮತ್ತು ಖನಿಜಗಳು

ಆ ಬಿಸಿನೀರು ಗ್ರೈಸೆನ್ನಿನಲ್ಲಿಯೇ ನಿಲ್ಲಲಿಲ್ಲ. ಉತ್ತರ ದಕ್ಷಿಣವಾಗಿ ಶಿಲೆಗಳು ಸೀಳಿದ್ದ ಬಿರುಕುಗಳಲ್ಲಿ ಹರಿದು, ಗ್ರಾನೈಟು, ಹಾರ್ನ್‌ಫೆಲ್ಸ್, ಗ್ಯಾಬ್ರೊ ಈ ಮೂರನ್ನೂ ಹಾಯ್ದು, ತಣ್ಣಗಾಗುತ್ತ ತಾನು ಹೊತ್ತದ್ದನ್ನು ಅಲ್ಲಲ್ಲೇ ಇಳಿಸಿತು. ಹೀಗೆ ತುಂಬಿಕೊಂಡ ಬಿರುಕುಗಳೇ ಬೆಣಚುಕಲ್ಲಿನ ಸಿರಗಳು. ನೆಲದಲ್ಲಿ ಇವು ಗೋಡೆಗಳಂತೆ ಹೆಚ್ಚುಕಡಿಮೆ ನೆಟ್ಟಗೆ ನಿಂತಿವೆ. ಮುಖ್ಯವಾದವು ಮೂರು: ಸ್ಮಿತ್, ಹಾರ್ಡಿಂಗ್, ಎಮರ್‌ಸನ್. ಅಗಲ ಒಂದೇ ಸಮನಾಗಿಲ್ಲ. ಗೇಣು ಅಗಲವಿದ್ದುದು ಮುಂದೆ ಮಾರಿನ ಹತ್ತಿರಕ್ಕೆ ಹಿಗ್ಗುತ್ತದೆ, ಮತ್ತೆ ಕುಗ್ಗಿ ಎಳೆಯಾಗುತ್ತದೆ.

ಸಿರದ ಹೆಚ್ಚಿನ ಭಾಗ ಬರಿಯ ಬಿಳಿಯ ಬೆಣಚು. ಅದರೊಳಗೆ ಅಲ್ಲಲ್ಲಿ ವುಲ್ಫ್ರಮೈಟಿನ ಕಪ್ಪು, ಹೊಳೆಯುವ, ಪಟ್ಟಿಯಂಥ ಹರಳುಗಳು. ಇದು ಕಬ್ಬಿಣ, ಮ್ಯಾಂಗನೀಸ್, ಟಂಗ್‌ಸ್ಟನ್, ಆಮ್ಲಜನಕಗಳ ಸಂಯುಕ್ತ. ಜೊತೆಗೆ ಶೀಲೈಟ್, ಇದರಲ್ಲಿ ಕಬ್ಬಿಣದ ಬದಲು ಕ್ಯಾಲ್ಸಿಯಂ ಇರುತ್ತದೆ. ಶೀಲೈಟ್ ಹಗಲು ಬೆಳಕಿನಲ್ಲಿ ಬೆಣಚಿನಂತೆಯೇ ಮಂಕಾಗಿ ಕಾಣುವುದರಿಂದ ಗುರುತಿಸುವುದು ಕಷ್ಟ. ಆದರೆ ಕತ್ತಲೆಯಲ್ಲಿ ಅತಿನೇರಳೆ ದೀಪ ಹಿಡಿದರೆ ನೀಲಿ ಬಿಳುಪಾಗಿ ಬೆಳಗುತ್ತದೆ. ಕತ್ತಲೆಯ ಸುರಂಗದಲ್ಲಿ ಕಲ್ಲೇ ತನ್ನ ಗುರುತನ್ನು ಹೇಳುವ ಈ ಸಂಗತಿ ನನಗೆ ಬಹಳ ಸೊಗಸೆನಿಸಿತು. ಇವೆರಡಲ್ಲದೆ ಆರ್ಸೆನೋಪೈರೈಟ್, ಪೈರೈಟ್, ಮಾಲಿಬ್ಡಿನೈಟ್, ಅಪಟೈಟ್ ಮೊದಲಾದ ಖನಿಜಗಳೂ ಉಂಟು. ಮುಂದೆ ಬೇರೊಂದು ಕಾಲದಲ್ಲಿ ಪೂರ್ವ ಪಶ್ಚಿಮವಾಗಿ ಬಿರುಕುಗಳು ಬಿದ್ದು, ಅವುಗಳಲ್ಲಿ ಸೀಸ ಮತ್ತು ಸತುವಿನ ಅದಿರುಗಳು ತುಂಬಿದವು. ಈ ಸಿರಗಳು ಹಳೆಯವನ್ನು ಅಡ್ಡಲಾಗಿ ಕತ್ತರಿಸುತ್ತವೆ. ಕತ್ತರಿಸಿದ್ದು ಕಿರಿದು, ಕತ್ತರಿಸಿಕೊಂಡದ್ದು ಹಿರಿದು ಎಂಬ ನಿಯಮವನ್ನು ತರಗತಿಯಲ್ಲಿ ಓದಿದ್ದೆ. ಇಲ್ಲಿ ಅದಕ್ಕೆ ಸಾಕ್ಷಿ ದೊರೆಯಿತು.

ಗಣಿಗಾರಿಕೆಯ ವಿಧಾನ

ಗಣಿ ಎಂದೊಡನೆ ನಮ್ಮ ಕಣ್ಣಿಗೆ ಕೋಲಾರದ ಆಳವಾದ ಷ್ಯಾಫ್ಟುಗಳು ಬರುತ್ತವೆ. ಬೆಟ್ಟದ ಪಕ್ಕದಲ್ಲಿರುವ ಗಣಿಯಲ್ಲಿ ಅದರ ಅಗತ್ಯವಿಲ್ಲ. ತೊರೆಯ ಮಟ್ಟದಿಂದ ಬೆಟ್ಟದೊಳಕ್ಕೆ ಅಡ್ಡವಾಗಿ ಸುರಂಗ ಕೊರೆದು, ಸಿರ ಸಿಕ್ಕಿದ ಕೂಡಲೆ ಅದರ ಜಾಡನ್ನೇ ಹಿಡಿದು ಹೋಗಬಹುದು. ಸುರಂಗವನ್ನು ಬಾಗಿಲ ಕಡೆಗೆ ತುಸು ಇಳಿಜಾರಾಗಿ ಮಾಡಿದರೆ ಒಸರುವ ನೀರು ತಾನಾಗಿ ಹೊರಗೆ ಹರಿಯುತ್ತದೆ. ಅದಿರು ತುಂಬಿದ ಗಾಡಿಗಳೂ ಹಗುರವಾಗಿ ಉರುಳುತ್ತವೆ. ಪಂಪಿನ ಖರ್ಚೂ ಉಳಿಯಿತು, ಎತ್ತುವ ಖರ್ಚೂ ಉಳಿಯಿತು. ಚಿಕ್ಕ ಗಣಿಯ ಜೀವ ಉಳಿಯುವುದು ಇಂಥ ಉಳಿತಾಯಗಳಿಂದಲೇ. ಕ್ಯಾರಕ್ಕಿನಲ್ಲಿಯೂ ಇಂಥ ಸುರಂಗಗಳನ್ನೇ ಕೊರೆದರು.

ನೆಟ್ಟಗೆ ನಿಂತ ತೆಳುವಾದ ಸಿರವನ್ನು ಕೆಳಗಿನಿಂದ ಮೇಲಕ್ಕೆ ತೆಗೆಯುವುದು ವಾಡಿಕೆ. ಕೆಲಸಗಾರರು ತಲೆಯ ಮೇಲಿನ ಸಿರಕ್ಕೆ ರಂಧ್ರ ಕೊರೆದು, ಮದ್ದು ತುಂಬಿ ಸಿಡಿಸುತ್ತಾರೆ. ಒಡೆದ ಕಲ್ಲು ಕೆಳಗೆ ಬೀಳುತ್ತದೆ. ಒಡೆದ ಕಲ್ಲಿಗೆ ಇಡಿಯ ಕಲ್ಲಿಗಿಂತ ಹೆಚ್ಚು ಜಾಗ ಬೇಕಾದ್ದರಿಂದ, ಹೆಚ್ಚಾದಷ್ಟನ್ನು ಮಾತ್ರ ಕೆಳಗಿನ ಬಾಯಿಯಿಂದ ಗಾಡಿಗೆ ಇಳಿಸಿ, ಉಳಿದ ರಾಶಿಯ ಮೇಲೆಯೇ ನಿಂತು ಮುಂದಿನ ರಂಧ್ರಗಳನ್ನು ಕೊರೆಯುತ್ತಾರೆ. ರಾಶಿಯೇ ಅಟ್ಟ, ರಾಶಿಯೇ ಎರಡು ಗೋಡೆಗಳಿಗೆ ಆಸರೆ. ಕೊನೆಗೆ ಎಲ್ಲವನ್ನೂ ಇಳಿಸಿದ ಮೇಲೆ ಬೆಟ್ಟದೊಳಗೆ ಒಂದು ಇಕ್ಕಟ್ಟಾದ, ಎತ್ತರವಾದ ಸೀಳು ಉಳಿಯುತ್ತದೆ. ಇದಕ್ಕೆ ಸ್ಟೋಪ್ ಎನ್ನುತ್ತಾರೆ.

ಇದನ್ನು ಓದಿ ಹೇಳಿದಾಗ ನನ್ನ ತಂದೆ ಎರಡು ಪ್ರಶ್ನೆ ಕೇಳಿದರು. "ತಲೆ ಮ್ಯಾಲೆ ಕೊರೆದ್ರೆ ಧೂಳು ಯಾರ ಮೂಗಿಗೆ?" ಎಂಬುದು ಮೊದಲನೆಯದು. ಬೆಣಚಿನ ಒಣ ಧೂಳು ಶ್ವಾಸಕೋಶವನ್ನು ಕ್ರಮೇಣ ಗಟ್ಟಿಯಾಗಿಸುತ್ತದೆಂಬುದು ಈಗ ಎಲ್ಲರೂ ಬಲ್ಲ ಸಂಗತಿ. ಕೊರೆಗೋಲಿನ ನಡುವೆ ನೀರು ಹಾಯಿಸಿ ಕೊರೆಯುವುದು ಅದಕ್ಕೇ. ಅವರಿಗೆ ಆ ಸೌಲಭ್ಯ ಇರಲಿಲ್ಲ. ಮುಖಕ್ಕೆ ಟವೆಲು ಕಟ್ಟಿಕೊಳ್ಳುತ್ತಿದ್ದರು. ಈಗ ಅವರಿಗಿರುವ ಕೆಮ್ಮಿನ ಕಾರಣವನ್ನು ಪುಸ್ತಕದಲ್ಲಿ ಓದಿದಾಗ ನಾನು ಆ ಪುಟವನ್ನು ಅವರಿಗೆ ಓದಿ ಹೇಳಲಿಲ್ಲ.

"ಸಿರ ಗೇಣಗಲ ಇದ್ರೆ ಆಳು ಹ್ಯಾಗೆ ನಿಲ್ತಾನೆ?" ಎಂಬುದು ಎರಡನೆಯ ಪ್ರಶ್ನೆ. ಗಣಿಯ ಅರ್ಥಶಾಸ್ತ್ರವೆಲ್ಲ ಈ ಪ್ರಶ್ನೆಯಲ್ಲಿದೆಯೆಂದು ನಮ್ಮ ಅಧ್ಯಾಪಕರು ಹೇಳಿದರು. ಒಂದು ಉದಾಹರಣೆಯ ಲೆಕ್ಕ ಮಾಡೋಣ. ಸಿರದ ಅಗಲ ಅರ್ಧ ಮೀಟರು, ಅದರಲ್ಲಿ ಟಂಗ್‌ಸ್ಟನ್ ಆಕ್ಸೈಡು ನೂರಕ್ಕೆ 1.2 ಪಾಲು ಇದೆಯೆನ್ನಿ. ಆಳು ನಿಂತು ಕೆಲಸ ಮಾಡಲು ಒಂದು ಮೀಟರಾದರೂ ಅಗಲ ಬೇಕು. ಆಗ ಪಕ್ಕದ ಬರಿಯ ಕಲ್ಲನ್ನೂ ಅರ್ಧ ಮೀಟರು ಒಡೆಯಬೇಕಾಗುತ್ತದೆ. ಎರಡೂ ಬೆರೆತು ಪಾಲು 0.6ಕ್ಕೆ ಇಳಿಯುತ್ತದೆ. ಎಂದರೆ ಟನ್ನಿಗೆ 6 ಕಿಲೊ. ಶುದ್ಧಿ ಮಾಡುವಾಗ ಕಾಲು ಭಾಗ ಕೈತಪ್ಪಿದರೆ ಉಳಿಯುವುದು ನಾಲ್ಕೂವರೆ ಕಿಲೊ. ಪ್ರಪಂಚದ ಪೇಟೆಯಲ್ಲಿ ಟಂಗ್‌ಸ್ಟನ್ ಅದಿರಿನ ಬೆಲೆಯನ್ನು ಹೇಳುವುದು 10 ಕಿಲೊ ಆಕ್ಸೈಡಿನ ಮಾನದಿಂದ. ಆ ಒಂದು ಮಾನಕ್ಕಾಗಿ ಎರಡು ಟನ್ನಿಗೂ ಹೆಚ್ಚು ಗಡುಸಾದ ಕಲ್ಲನ್ನು ಕೊರೆದು, ಸಿಡಿಸಿ, ಸಾಗಿಸಿ, ಅರೆಯಬೇಕು. ಇಷ್ಟಕ್ಕೆಲ್ಲ ಆಗುವ ಖರ್ಚು ಆ 10 ಕಿಲೊವಿನ ಬೆಲೆಗಿಂತ ಕಡಿಮೆಯಿದ್ದರೆ ಅದು ಅದಿರು; ಹೆಚ್ಚಾದರೆ ಅದೇ ಕಲ್ಲು ಬರಿಯ ಕಲ್ಲು. ಅದಿರು ಎಂಬುದು ಭೂಗರ್ಭಶಾಸ್ತ್ರದ ಪದವೆಂದು ನಾನು ತಿಳಿದಿದ್ದೆ. ಅದು ಅರ್ಥಶಾಸ್ತ್ರದ ಪದವೂ ಹೌದೆಂದು ಆ ದಿನ ತಿಳಿಯಿತು.

ಅದಿರಿನ ಶುದ್ಧೀಕರಣ

ಹೊರಗೆ ಬಂದ ಅದಿರನ್ನು ಗಿರಣಿಯಲ್ಲಿ ಪುಡಿ ಮಾಡುತ್ತಾರೆ. ಮುಂದಿನ ಕೆಲಸ ನಮ್ಮ ಹೆಂಗಸರು ಮೊರದಲ್ಲಿ ಅಕ್ಕಿಯನ್ನೂ ಹೊಟ್ಟನ್ನೂ ಬೇರ್ಪಡಿಸುವಂಥದೇ. ಗಾಳಿಯ ಬದಲು ನೀರು, ಅಷ್ಟೆ. ಬೆಣಚಿನ ಸಾಂದ್ರತೆ 2.65, ವುಲ್ಫ್ರಮೈಟಿನದು 7ಕ್ಕೂ ಹೆಚ್ಚು. ಅಲುಗಾಡುವ ಇಳಿಜಾರು ಮೇಜಿನ ಮೇಲೆ ತೆಳುವಾಗಿ ನೀರು ಹರಿಸಿ ಪುಡಿಯನ್ನು ಬಿಟ್ಟರೆ ಹಗುರವಾದ ಬೆಣಚು ಕೊಚ್ಚಿಹೋಗುತ್ತದೆ, ಭಾರದ ವುಲ್ಫ್ರಮೈಟ್ ಗೀರುಗಳ ಜಾಡು ಹಿಡಿದು ಬೇರೆ ಕಡೆ ಸರಿಯುತ್ತದೆ. ತೊಡಕಿರುವುದು ಆರ್ಸೆನೋಪೈರೈಟಿನದು. ಅದೂ 6ರ ಸಾಂದ್ರತೆಯ ಭಾರವಾದ ಖನಿಜವಾದ್ದರಿಂದ ವುಲ್ಫ್ರಮೈಟಿನ ಜೊತೆಗೇ ಬರುತ್ತದೆ. ಅದನ್ನು ನೊರೆಯಲ್ಲಿ ತೇಲಿಸಿಯೋ ಅಯಸ್ಕಾಂತದಿಂದ ವುಲ್ಫ್ರಮೈಟನ್ನು ಸೆಳೆದೋ ಬೇರ್ಪಡಿಸಬೇಕು. ಕೊನೆಗೆ ದೊರೆಯುವ ಕಪ್ಪು ಮರಳಿನಲ್ಲಿ ನೂರಕ್ಕೆ ಅರುವತ್ತು ಪಾಲಿಗೂ ಹೆಚ್ಚು ಆಕ್ಸೈಡು ಇದ್ದರೆ ಅದಕ್ಕೆ ಪೇಟೆಯಲ್ಲಿ ಗಿರಾಕಿ.

ತೆರೆದ ಬಾಗಿಲು, ಮುಚ್ಚಿದ ಬಾಗಿಲು

ಈಗ ಗಣಿಯ ಚರಿತ್ರೆಯನ್ನು ನೋಡೋಣ. 1850ರ ದಶಕದಲ್ಲಿ ಇಲ್ಲಿ ಬೇರೆ ಲೋಹಗಳಿಗಾಗಿ ಅಗೆದರು. ವುಲ್ಫ್ರಮೈಟಿಗೆ ಆಗ ಹೇಳಿಕೊಳ್ಳುವ ಬೆಲೆಯಿರಲಿಲ್ಲ. 19ನೆಯ ಶತಮಾನದ ಕೊನೆಗೆ ಟಂಗ್‌ಸ್ಟನ್ ಬೆರೆಸಿದ ಶೀಘ್ರಗತಿಯ ಉಕ್ಕು ಬಂದೊಡನೆ ಪರಿಸ್ಥಿತಿ ಬದಲಾಯಿತು. 1906ರ ಸುಮಾರಿಗೆ ಇಬ್ಬರು ಜರ್ಮನರು ಈ ಗಣಿಯನ್ನು ಹಿಡಿದು ಟಂಗ್‌ಸ್ಟನ್ನಿಗಾಗಿ ಕೆಲಸ ನಡೆಸಿದರು. ಬ್ರಿಟಿಷ್ ಸಾಮ್ರಾಜ್ಯದ ಅದಿರು ಬಹುಮಟ್ಟಿಗೆ ಜರ್ಮನಿಗೆ ಹೋಗಿ ಅಲ್ಲಿ ಶುದ್ಧವಾಗಿ, ಇಂಗ್ಲೆಂಡಿನ ಉಕ್ಕಿನ ಕಾರ್ಖಾನೆಗಳಿಗೆ ಮರಳುತ್ತಿದ್ದ ಕಾಲ ಅದು. ಮಹಾಯುದ್ಧಕ್ಕೆ ಮೊದಲೇ ಅವರ ಕೆಲಸ ನಿಂತಿತು.

1914ರಲ್ಲಿ ಯುದ್ಧ ಹತ್ತಿಕೊಂಡಿತು. ತಮ್ಮ ಹತಾರಗಳ ಲೋಹಕ್ಕಾಗಿ ಶತ್ರುವನ್ನು ನೆಚ್ಚಿದ್ದೆವೆಂಬುದು ಬ್ರಿಟಿಷರಿಗೆ ಆಗ ಅರಿವಾಯಿತು. ಆಗಿನ ಬ್ರಿಟಿಷ್ ಇಂಡಿಯಾಕ್ಕೆ ಸೇರಿದ್ದ ಬರ್ಮಾದ ತವಾಯ್ ಗಣಿಗಳಲ್ಲಿ ಕೆಲಸ ತೀವ್ರವಾಯಿತು. ರಾಜಸ್ಥಾನದ ದೇಗಾನಾದ ರೇವತ್ ಗುಡ್ಡದಲ್ಲಿ ಅಗೆತ ನಡೆದುದೂ ಆ ಯುದ್ಧದ ಕಾಲದಲ್ಲಿಯೇ. ಕ್ಯಾರಕ್ಕಿನಲ್ಲಿಯೂ ಹೊಸ ಕೂಟವೊಂದು ಕೆಲಸ ಹಿಡಿಯಿತು. ಯುದ್ಧ ಮುಗಿದೊಡನೆ ಬೆಲೆ ಬಿತ್ತು, ಗಣಿ ಮುಚ್ಚಿತು.

1942ರಲ್ಲಿ ಜಪಾನೀಯರು ಬರ್ಮಾವನ್ನು ಆಕ್ರಮಿಸಿದರು. ಅಲ್ಲಿನ ಅದಿರೂ ಚೀನದಿಂದ ಆ ದಾರಿಯಾಗಿ ಬರುತ್ತಿದ್ದ ಅದಿರೂ ತಪ್ಪಿಹೋದವು. ಅದೇ ವರ್ಷ ಬ್ರಿಟಿಷ್ ಸರ್ಕಾರ ಸೇನೆಯ ಎಂಜಿನಿಯರುಗಳನ್ನು ಕ್ಯಾರಕ್ಕಿಗೆ ಕಳಿಸಿ ಹಳೆಯ ಸುರಂಗಗಳನ್ನು ತೆರೆಸಿತು, ಹೊಸದಾಗಿ ಕೊರೆಯಿಸಿ ಅದಿರಿನ ಮೊತ್ತವನ್ನು ಅಳೆಯಿಸಿತು. ಸಾವಿರಾರು ಮೈಲಿ ಆಚೆಯ ರಂಗೂನು ಬಿದ್ದುದು ಕಂಬ್ರಿಯದ ತೊರೆಯ ದಡದಲ್ಲಿ ಸುತ್ತಿಗೆಯ ಸದ್ದಾಯಿತು. ಆದರೆ 1943ರಲ್ಲಿ ಹಡಗುಗಳ ಮೂಲಕ ಬರುವ ಅದಿರು ಸಾಕೆನಿಸಿದೊಡನೆ ಕೆಲಸ ನಿಂತಿತು. ಅಳೆದಿಟ್ಟ ಅದಿರು ಅಲ್ಲಿಯೇ ಉಳಿಯಿತು.

1971ರಲ್ಲಿ ಮತ್ತೆ ಕೆಲಸ ಆರಂಭವಾಗಿ ಹೊಸ ಗಿರಣಿ ಎದ್ದಿತು. ಬೆಲೆ ಇಳಿದು ಬೇಗನೆ ನಿಂತಿತು. 1977ರ ವೇಳೆಗೆ ಬೆಲೆ ಏರಿದಾಗ ಮತ್ತೊಮ್ಮೆ ಆರಂಭವಾಗಿ 1981ರಲ್ಲಿ ಕೊನೆಯ ಬಾರಿ ಮುಚ್ಚಿತು. ಆ ಮೇಲೆ ಬಾಗಿಲು ತೆರೆಯಲಿಲ್ಲ. 1980ರ ದಶಕದಲ್ಲಿ ಚೀನದ ಅಗ್ಗದ ಅದಿರು ಪ್ರಪಂಚದ ಪೇಟೆಯನ್ನು ತುಂಬಿತು. ಹಲವು ದೇಶಗಳ ಗಣಿಗಳು ಒಂದೊಂದಾಗಿ ನಿಂತವು. ನಮ್ಮ ದೇಗಾನಾ ಗಣಿಯೂ 1990ರ ದಶಕದಲ್ಲಿ ನಿಂತಿತು. ಈಗ ಪ್ರಪಂಚದ ಟಂಗ್‌ಸ್ಟನ್ನಿನಲ್ಲಿ ಐದರಲ್ಲಿ ನಾಲ್ಕು ಪಾಲು ಚೀನದಿಂದಲೇ ಬರುತ್ತದೆ. ಇಂಗ್ಲೆಂಡಿನ ಡೆವನ್ ಪ್ರಾಂತದ ಹೆಮರ್ಡನ್ನಿನಲ್ಲಿ 2015ರಲ್ಲಿ ಭಾರಿ ಗಣಿಯೊಂದು ಆರಂಭವಾಗಿ, ಅದು ಕೂಡ 2018ರಲ್ಲಿ ಮುಚ್ಚಿತೆಂದರೆ ಇಂಥ ಗಣಿಗಳ ಕಷ್ಟ ಅರ್ಥವಾದೀತು.

ಇಂದಿನ ಸ್ಥಿತಿ

ಕ್ಯಾರಕ್ ಗಣಿಯ ಗಿರಣಿಯನ್ನು 1980ರ ದಶಕದಲ್ಲಿಯೇ ಕೆಡವಿ ನೆಲವನ್ನು ಸಮ ಮಾಡಿದರು. ಬೆಟ್ಟದ ಪಕ್ಕದಲ್ಲಿ ಸಿರದ ಜಾಡಿನ ಉದ್ದಕ್ಕೂ ಸೀಳಿದ ಕಂದಕಗಳು, ಕಲ್ಲುಚೂರಿನ ದಿಬ್ಬಗಳು, ಹಳೆಯ ಗಿರಣಿಯ ಅಡಿಪಾಯಗಳು ಉಳಿದಿವೆ. ದಿಬ್ಬದಲ್ಲಿರುವ ಆರ್ಸೆನೋಪೈರೈಟ್ ಗಾಳಿ ಮಳೆಗೆ ಕೊಳೆತು ಆರ್ಸೆನಿಕ್ಕನ್ನು ಬಿಡುವ ಗುಣವುಳ್ಳದ್ದಾದ್ದರಿಂದ ಇಂಥ ದಿಬ್ಬಗಳನ್ನು ಮರೆತುಬಿಡುವಂತಿಲ್ಲ. ಸೀಮೆಯೆಲ್ಲ ರಾಷ್ಟ್ರೀಯ ಉದ್ಯಾನ; 2017ರಲ್ಲಿ ವಿಶ್ವ ಪರಂಪರೆಯ ತಾಣಗಳ ಪಟ್ಟಿಗೂ ಸೇರಿತು. ಅಲ್ಲಿ ಖನಿಜ ಸಂಗ್ರಹಿಸಬೇಕಾದರೆ ಅನುಮತಿ ಬೇಕು. ಒಂದು ಕಾಲದಲ್ಲಿ ಕಸವೆಂದು ಎಸೆದ ಕಲ್ಲನ್ನು ಈಗ ಅಪ್ಪಣೆಯಿಲ್ಲದೆ ಮುಟ್ಟುವಂತಿಲ್ಲ.

ಉಪಸಂಹಾರ

ಈ ಚರಿತ್ರೆಯಿಂದ ನಾವು ತಿಳಿಯಬೇಕಾದುದೇನು? ನಾನು ಎಣಿಸಿದಂತೆ ಟಂಗ್‌ಸ್ಟನ್ನಿಗಾಗಿ ಕ್ಯಾರಕ್ಕಿನ ಬಾಗಿಲು ಐದು ಸಲ ತೆರೆಯಿತು, ಐದು ಸಲ ಮುಚ್ಚಿತು. ಸಿರಗಳು ಮಾತ್ರ ಇದ್ದಲ್ಲಿಯೇ ಇದ್ದವು. ತೆರೆಸಿದ್ದು ಯುದ್ಧ ಮತ್ತು ಬೆಲೆ, ಮುಚ್ಚಿಸಿದ್ದು ಶಾಂತಿ ಮತ್ತು ಬೆಲೆ. ಶಾಂತಿ ಬಂದಿತೆಂದು ಲೋಕವೆಲ್ಲ ಸಂತೋಷಪಡುವಾಗ ಕಣಿವೆಯ ಕೆಲಸಗಾರನು ಕೂಲಿ ಕಳೆದುಕೊಂಡನು. ಹೀಗೆಂದು ಯುದ್ಧವೇ ಇರಲೆಂದು ಯಾರೂ ಹೇಳಲಾರರು. ಆದರೆ ಗಣಿಯನ್ನು ತೆರೆಯುವ ದಿನ ಹಾಕುವ ಲೆಕ್ಕದಲ್ಲಿ ಅದನ್ನು ಮುಚ್ಚುವ ದಿನದ ಲೆಕ್ಕವೂ ಸೇರಿರಬೇಕೆಂದು ಹೇಳಬಹುದು. ದುಡಿದವನ ಕೂಲಿ, ಅವನ ಎದೆಯ ಆರೋಗ್ಯ, ಉಳಿಯುವ ದಿಬ್ಬ, ಇವು ಮೂರೂ ಆ ಲೆಕ್ಕದೊಳಗಿನವು.

ಈ ಮಾತು ನಮ್ಮ ನಾಡಿಗೆ ದೂರದ್ದಲ್ಲ. ಕೋಲಾರದ ಚಿನ್ನದ ಅದಿರಿನಲ್ಲಿ ಶೀಲೈಟ್ ಇದೆ. 2001ರಲ್ಲಿ ಗಣಿ ಮುಚ್ಚಿದ ಮೇಲೂ ಅಲ್ಲಿನ ಮರಳಿನ ದಿಬ್ಬಗಳಲ್ಲಿ ಅದು ಉಳಿದಿದೆ. ಭಾರತೀಯ ಗಣಿ ಬ್ಯೂರೋದ 2015ರ ಲೆಕ್ಕದಂತೆ ದೇಶದ ಟಂಗ್‌ಸ್ಟನ್ ಅದಿರಿನಲ್ಲಿ ಅತಿ ದೊಡ್ಡ ಪಾಲು ಕರ್ನಾಟಕದ್ದು. 2023ರಲ್ಲಿ ಭಾರತ ಸರ್ಕಾರ ಪ್ರಕಟಿಸಿದ 30 ನಿರ್ಣಾಯಕ ಖನಿಜಗಳ ಪಟ್ಟಿಯಲ್ಲಿ ಟಂಗ್‌ಸ್ಟನ್ ಇದೆ. 2025ರ ಫೆಬ್ರುವರಿಯಲ್ಲಿ ಚೀನ ಇದರ ರಫ್ತಿಗೆ ಕಟ್ಟುಪಾಡು ವಿಧಿಸಿತು. ಇಂಥ ಸುದ್ದಿ ಬಂದಾಗಲೆಲ್ಲ ಎಲ್ಲೋ ಒಂದು ಹಳೆಯ ಗಣಿಯ ಬಾಗಿಲು ಅಲುಗಾಡುತ್ತದೆಂಬುದನ್ನು ಕ್ಯಾರಕ್ ನಮಗೆ ಕಲಿಸುತ್ತದೆ. ನಾಳೆ ನಮ್ಮ ಕಡೆಯ ಬಾಗಿಲೊಂದು ತೆರೆದರೆ ನಮ್ಮಲ್ಲಿ ಕೆಲವರು ಅಲ್ಲಿ ಗುಮಾಸ್ತರೋ ಅಧಿಕಾರಿಗಳೋ ಆಗಿರಬಹುದು. ಆಗ ಈ ಪಾಠ ನೆನಪಿದ್ದರೆ ಓದಿದ್ದಕ್ಕೆ ಸಾರ್ಥಕ.

ಸೆಮಿನಾರು ಮುಗಿಸಿ ಮನೆಗೆ ಹೋದಾಗ ತಂದೆಯವರು, "ಆ ಗಣೀಲಿ ಕಲ್ಲು ಮುಗೀತಾ?" ಎಂದು ಕೇಳಿದರು. ಇಲ್ಲ, ಬೆಲೆ ಮುಗಿಯಿತು ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ದೂ ಹಂಗೇ. ಬಂಡೆ ಅಲ್ಲೇ ಐತೆ" ಎಂದರು. ತಮ್ಮ ಕೆಲಸ ಹೋದುದು ತಮ್ಮ ಕೈಯ ದೋಷದಿಂದಲ್ಲವೆಂದು ಅವರಿಗೆ ಅಂದು ಮೊದಲ ಬಾರಿಗೆ ಖಚಿತವಾಯಿತೆಂದು ನನಗೆ ತೋರಿತು.

ಕೊರೆಗೋಲಿನ ಆ ಚೂರನ್ನು ನಮ್ಮ ಭೂಗೋಳ ವಿಭಾಗದ ಶಿಲಾಸಂಗ್ರಹದ ಪೆಟ್ಟಿಗೆಗೆ ಕೊಟ್ಟಿದ್ದೇನೆ. ಮುಂದಿನ ವರ್ಷದ ವಿದ್ಯಾರ್ಥಿಗಳು ಅದನ್ನು ಕೈಯಲ್ಲಿ ಹಿಡಿದು ಅದರ ಭಾರವನ್ನು ನೋಡಬೇಕೆಂದು ಕೋರುತ್ತೇನೆ.